ಮೊಳೆ ಲೆಕ್ಕ

ಹೆಣ್ಣೂರು ಮೇಲುಸೇತುವೆ ಇಳಿಯುವಲ್ಲಿ, ಎಡಕ್ಕೆ,
ನೀಲಿ ಟಾರ್ಪಾಲಿನ ಕೆಳಗೆ ಒಂದು ಕಂಪ್ರೆಸರು,
ಒಂದು ಬಾಂಡ್ಲಿ ನೀರು, ನಾನು.
ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ರಾಯಪ್ಪ,
ಬಂಡೆ ಅಂತ ಕರೆಸಿಕೊಂಡ ಆ ದೊಡ್ಡ ಶಿಷ್ಯನದು.
ಗಿರಾಕಿಗಳಿಗೆ ನಾನು ಬರೀ 'ಪಂಚರ್'.

ಎರಡು ತಿಂಗಳ ಬಾಡಿಗೆ ನಿಂತಿತ್ತು.
ಹಣೆಯ ಮೇಲಿನ ಬೂದಿ ಬುಧವಾರದ ಬೂದಿ
ಇನ್ನೂ ಪೂರಾ ಉದುರಿರಲಿಲ್ಲ,
ಗುಜರಿಯಿಂದ ಕಾಲು ಕೆ.ಜಿ. ಮೊಳೆ ತಂದೆ.
ಯಾಕೆ ಅಂತ ಜಪಮಾಲೆ ಕೇಳಲಿಲ್ಲ.
ಕೇಳಿದ್ದರೆ ಬೆಂಚು ರಿಪೇರಿಗೆ ಅನ್ನುತ್ತಿದ್ದೆ,
ಉತ್ತರ ತಯಾರಿತ್ತು.

ಬೆಳಗಿನ ಜಾವ ನಾಲ್ಕೂವರೆಗೆ
ರಾಗಿ ಚೆಲ್ಲುವವನ ಹಾಗೆ ಕೈ ಬೀಸಿದೆ.
ನಮ್ಮಪ್ಪ ಹೊಲದಲ್ಲಿ ಬೀಸುತ್ತಿದ್ದದ್ದು ಹೀಗೆಯೇ
(ಆ ಹೊಲದ ಮೇಲೆ ಈಗ ಹದಿನಾಲ್ಕು ಅಂತಸ್ತು).
ಆರು ಗಂಟೆಗೆ ಮೊದಲ ಫಸಲು: ಪಿಳ್ಳಪ್ಪ,
ಮಾರ್ಕೆಟ್ಟಿನಿಂದ ಸುಗಂಧರಾಜದ ಮೂಟೆ ಹೇರಿಕೊಂಡವನು,
ಗಾಡಿ ತಳ್ಳಿಕೊಂಡು, ಮಂಡಿ ಒಡೆದುಕೊಂಡು.
ನಾನೇ ನೀರು ಹಾಕಿ ರಕ್ತ ತೊಳೆದೆ.
ನಾನೇ ಟೈರಿನೊಳಗೆ ಬೆರಳಾಡಿಸಿ ಮೊಳೆ ಕಿತ್ತೆ.
'ಎಂಥಾ ಜನ ಇರ್ತಾರೆ ನೋಡಿ' ಅಂದವನೂ ನಾನೇ.
ಎಂಬತ್ತು ರೂಪಾಯಿ.
ಹೋಗುವಾಗ ಕೈ ಮುಗಿದ:
'ಪುಣ್ಯಾತ್ಮ, ನಿನ್ನ ಹೊಟ್ಟೆ ತಣ್ಣಗಿರಲಿ.'
ಹಿಂದಿನ ಶೆಡ್ಡಿನಲ್ಲಿ ಯಾರದೋ ಹುಂಜ ಕೂಗಿತು.
ರಾಯಪ್ಪ ಅಂತ ಹೆಸರಿಡುವಾಗ ನಮ್ಮವರು
ಹುಂಜದ ವಿಷಯ ಯೋಚಿಸಬೇಕಿತ್ತು.

ಸ್ವಾಮಿಗಳಿಗೆ ಕಿವಿ ಮಂದ.
ಪಾಪನಿವೇದನೆಯ ಜಾಲರಿಗೆ ಬಾಯಿಟ್ಟು ಹೇಳಿದೆ.
'ಏನು? ಮೊಳಕೆಯಾ?'
'ಮೊಳೆ, ಫಾದರ್. ಮೊಳೆ!'
ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.
ಪ್ರಾಯಶ್ಚಿತ್ತಕ್ಕೆ ಜಪ ಕೊಡಲಿಲ್ಲ.
ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ
ಬೆಳಗ್ಗೆ ಸೇತುವೆ ಮೇಲೆ ಎಳೆದುಕೊಂಡು ನಡಿ, ಅಂದರು.

ನಡೆದೆ. ಕಸ ಗುಡಿಸುವ ಹೆಂಗಸರು ನಕ್ಕರು:
'ಏನಣ್ಣ, ನಾಯೀನ ವಾಕಿಂಗ್ ಕರ್ಕೊಂಡು ಹೊಂಟ್ಯಾ?'
ನನ್ನವಷ್ಟೇ ಅಲ್ಲ, ಸಿಕ್ಕಿದ್ದೆಲ್ಲ ಅಂಟಿತು,
ಬೋಲ್ಟು, ಬ್ಲೇಡಿನ ಚೂರು, ಯಾವಳೋ ಕಳಕೊಂಡ ಹೇರ್‌ಪಿನ್ನು.
ಆ ವಾರ ಪ್ಯಾಚು ಹಾಕುವಾಗ ಕೈ ತಾನೇ ನಿಂತಿತು.
ನುಣುಪು ರಬ್ಬರಿಗೆ ಪ್ಯಾಚು ಹಿಡಿಯದು,
ಮೊದಲು ಅರದಿಂದ ಉಜ್ಜಿ ಒರಟು ಮಾಡಬೇಕು.
ಹದಿನೇಳು ವರ್ಷದಿಂದ ಉಜ್ಜುತ್ತಿದ್ದೇನೆ,
ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು,
ಭಾನುವಾರದ ಪ್ರಸಂಗಕ್ಕಾದರೂ ಆಗುತ್ತಿತ್ತು.
ಆದರೆ ಜೂನ್ ಬಂತು, ಮಗಳ ಶಾಲೆಯ ಫೀಸು ಬಂತು,
ಹೆಕ್ಕಿಟ್ಟ ಮೊಳೆಯ ಡಬ್ಬಿ ಅಲ್ಲೇ ಇತ್ತು.
ಎಣಿಸಿಯೇ ತೆಗೆದೆ, ಇಪ್ಪತ್ತಮೂರು,
ಮೊಳೆಗೊಬ್ಬ ಗಿರಾಕಿ.
ಕೈ ತೆರೆಯಿತು.

ಶಬ್ದ ಕೇಳಿತು,
ಟಾರಿನ ಮೇಲೆ ಚಿಲ್ಲರೆ ಬಿದ್ದ ಹಾಗೆ.
ಹೋದ ಸಲ ಆ ಶಬ್ದ ಕೇಳಿರಲಿಲ್ಲ.
ಮೂರು ತಿಂಗಳಲ್ಲಿ ನಾನು ಬೆಳೆದದ್ದು ಅಷ್ಟೇ.

ಟಾರ್ಚು ಹಿಡಿದು ಮಂಡಿಯೂರಿದೆ,
ಚರ್ಚಿನಲ್ಲೂ ಹಾಗೆ ಊರಿದವನಲ್ಲ.
ಲಾರಿಗಳು ಹಾರ್ನು ಹೊಡೆದು ಬೈದುಕೊಂಡು ಹೋದವು.
ಜಪಮಾಲೆ ಹುಡುಕಿಕೊಂಡು ಬಂದಳು, ಟಾರ್ಚು ನೋಡಿದಳು,
ಏನೂ ಕೇಳದೆ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಬಗ್ಗಿದಳು.
ಬೆಳಗಾಗುವಷ್ಟರಲ್ಲಿ ಇಪ್ಪತ್ತೆರಡು.

ಒಂದು ಸಿಗಲಿಲ್ಲ.

ಈಗ ನಾಲ್ಕನೇ ವರ್ಷ. ದಾರ ಮೂರು ಸಲ ಬದಲಾಗಿದೆ.
ಪಿಳ್ಳಪ್ಪನಿಗೆ ಹೇಳಿದೆ. ಎಂಬತ್ತು ರೂಪಾಯಿ
ಎಣಿಸಿ ತಗೊಂಡ, ಮತ್ತೆ ಈ ಕಡೆ ಬಂದಿಲ್ಲ.
ಯಾವ ಗಾಡಿ ನಿಂತರೂ
ಟೈರಿನೊಳಗೆ ಬೆರಳು ಹೋಗುವಾಗ
ಇದೇನಾ ಅದು ಅಂತ ಎದೆ ಒಂದು ಗಳಿಗೆ ನಿಲ್ಲುತ್ತದೆ.
ಮೊಳೆ ಸಿಕ್ಕರೆ ದುಡ್ಡು ಮುಟ್ಟುವುದಿಲ್ಲ.
'ಯಾಕಣ್ಣ?' ಅಂತಾರೆ.
ಬೆಳಕಿಗೆ ಹಿಡಿದು ನೋಡುತ್ತಾ,
'ನನ್ನದಿರಬಹುದು' ಅನ್ನುತ್ತೇನೆ.