ಬಿಡಿಸದ ಹಾಳೆ

ಬಂದರಿನ ಓಣಿಗೆ ಗೂಡ್ಸ್ ರಿಕ್ಷಾದಲ್ಲಿ ಬಂತು
ಜನರಲ್ಲರ ಪುಸ್ತಕ, ನಾಲ್ಕು ಟ್ರಂಕು.
ಒಂದರ ಮೇಲೆ ಇನ್ನೂ ರೆಜಿಮೆಂಟಿನ ಬಿಳಿ ಅಂಕಿ,
ಒಳಗೆ ನುಸಿಗುಳಿಗೆಯ ವಾಸನೆ.

"ಹೊಲಿಗೆ ಹೊಸತು ಹಾಕಿ, ತೊಗಲು ಹಳೆಯದೇ ಇರಲಿ,"
ಅಂದ ಮುಂಬಯಿಯ ಹರಾಜಿನವನು.
"ಅವರ ಸಹಿ ಇದ್ದ ಪುಟ ಮಾತ್ರ ಮುಟ್ಟಬೇಡಿ,
ರೇಟು ಇರುವುದೇ ಅಲ್ಲಿ."

ಇದಿನಬ್ಬಾಕ ಕನ್ನಡಕ ಏರಿಸಿ
ಮೊದಲು ಮೂಸಿದರು, ಆಮೇಲೆ ಬೆನ್ನು ತಡವಿದರು,
ಮೀನು ಕೊಳ್ಳುವವರು ಕಿವಿರು ಎತ್ತುವ ಹಾಗೆ
ಹಾಳೆ ಎತ್ತಿದರು.

ಮುತ್ತಿಗೆಗಳ ಚರಿತ್ರೆ, ಆರು ಸಂಪುಟ, ಚಿನ್ನದಂಚು:
ಮಡಿಕೆ ಬಿಡಿಸಿಯೇ ಇಲ್ಲ.
ಫಿರಂಗಿಗಳ ಲೆಕ್ಕ, ಕುದುರೆಪಡೆಯ ನಕ್ಷೆ,
ನೂರಿಪ್ಪತ್ತು ವರ್ಷ
ಒಂದು ಚಾಕುವೂ ಒಳಹೊಕ್ಕಿಲ್ಲ.
ಕೋಟೆ ಹಾಗೇ ಇದೆ.
ಬೆಳ್ಳಿಹುಳವೊಂದು ಮಾತ್ರ
ಎರಡೂ ಸೈನ್ಯಗಳನ್ನು ಓರೆಯಾಗಿ ದಾಟಿದೆ.

"ಕತ್ತರಿಸಲಾ?" ಅಂದೆ.
"ಬೇಡ ಮಾರಾಯ. ಓದದ್ದಕ್ಕೇ ದುಡ್ಡು ಜಾಸ್ತಿ."

ಕೊನೆಯ ಟ್ರಂಕಿನ ತಳದಲ್ಲಿ, ಬನಿಯನ್ನಿನಲ್ಲಿ ಸುತ್ತಿ,
ಅಂಗೈಯಗಲದ ಒಂದು ಪುಸ್ತಕ:
ಕರಾವಳಿಯ ಏಡಿಗಳ ಬಗ್ಗೆ, ಬಲ್ಮಠದ ಅಚ್ಚು.
ಬೆನ್ನು ಮುರಿದು, ಮೂಲೆ ಮಡಚಿ, ಚಾ ಕುಡಿದು,
ಮೂವತ್ತೊಂದನೇ ಪುಟದಲ್ಲಿ ಮರಳು.
ಅಂಚಿನಲ್ಲಿ ಪೆನ್ಸಿಲು:
"ತಪ್ಪು. ಇದು ಓಡುವುದು ಎಡಕ್ಕೆ.
ತಣ್ಣೀರುಬಾವಿಯಲ್ಲಿ ನಾನೇ ನೋಡಿದ್ದೇನೆ."

ಹರಾಜಿನ ಪಟ್ಟಿಯಲ್ಲಿ ಅದು ಇರಲಿಲ್ಲ.
ಸಹಿಯೂ ಇರಲಿಲ್ಲ.

ಇದಿನಬ್ಬಾಕ ಬ್ರಶ್ಶಿನಲ್ಲಿ ಗುಡಿಸಿದರು,
ಬೆನ್ನಿಗೆ ಮೈದಾ ಅಂಟು ಬಳಿದು ಕಲ್ಲು ಇಟ್ಟರು.
ಮರುದಿನ, ನಾನು ನೋಡುವುದಿಲ್ಲವೆಂದು ಎಣಿಸಿ,
ಕಾಗದದ ತುಂಡಲ್ಲಿ ತೆಗೆದಿಟ್ಟ ಮರಳನ್ನು
ಮತ್ತೆ ಅದೇ ಪುಟಕ್ಕೆ ಸುರಿದರು.