ಎರಡು ಇಪ್ಪತ್ತಾರು

ಇನಾಯತ್ ಎರಡು ಟೈರು ತಂದು
ನನ್ನ ಕಾಲ ಬಳಿ ಮಲಗಿಸಿದ.
"ನೋಡಿ ಮೇಡಂ, ಇದೂ ಇಪ್ಪತ್ತಾರು, ಅದೂ ಇಪ್ಪತ್ತಾರು.
ಆದ್ರೆ ಇದು ನಿಮ್ ಗಾಡೀಗ್ ಕೂರಲ್ಲ."
ಒಂದರ ಮೇಲೊಂದು ಇಟ್ಟ.
ಹೆರಳೆಕಾಯಿ ಸಿಪ್ಪೆಯಷ್ಟು ಹೊರಗುಳಿಯಿತು ಅಂಚು.
ಒಂದು ಹುಡುಗಿಯರ ಬುಟ್ಟಿ ಸೈಕಲ್ಲಿನದು,
ಇನ್ನೊಂದು ಬೆಟ್ಟ ಹತ್ತುವ ಗೇರ್ ಸೈಕಲ್ಲಿನದು.
ಹಾಜರಿ ಪುಸ್ತಕದಲ್ಲಿ ಇಬ್ಬರು ಸುಕನ್ಯಾ ಎಸ್. ಇದ್ದಂತೆ,
ಕೂಗಿದರೆ ಇಬ್ಬರೂ ಎದ್ದು ನಿಲ್ಲುತ್ತಾರೆ.

ಹೊಳಲು ಸರ್ಕಲ್ಲಿನ ಈ ಅಂಗಡಿಗೆ
ತೊಂಬತ್ತಾರರಿಂದ ಬರುತ್ತಿದ್ದೇನೆ.
ಸಕ್ಕರೆ ಕಾರ್ಖಾನೆಯ ಕೆಮಿಸ್ಟ್ ಪಿಂಟೋ ಸಾರ್
ವರ್ಗವಾಗಿ ಹೋಗುವಾಗ
ಸಾವಿರದ ಎಂಟುನೂರಕ್ಕೆ ಬಿಟ್ಟುಹೋದದ್ದು:
ಬದನೆ ಹೂವಿನ ಬಣ್ಣ,
ಹಿಂದೆ ಏಳು ಗೇರು. ಈಗ ಮೂರು ಮಾತ್ರ ಮಾತು ಕೇಳುತ್ತವೆ.
ಗುತ್ತಲು ರಸ್ತೆಯಲ್ಲಿ ಹುಡುಗರು ಓಡಿಬರುತ್ತಿದ್ದರು ಹಿಂದೆ,
ಗೇರ್ ಮಿಸ್ಸು, ಗೇರ್ ಮಿಸ್ಸು ಎಂದು ಕೂಗುತ್ತ.
ಅವರಲ್ಲೊಬ್ಬ ಈಗ ನಮ್ಮ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ.
"ಇನ್ನೂ ಅದ್ನೇ ತುಳೀತಿದ್ದೀರಾ ಮಿಸ್, ಒಂದ್ ಸ್ಕೂಟಿ ತಗಳಿ" ಅಂದ ಮೊನ್ನೆ.

ಹಳೆ ಟೈರಿಗೆ ತನ್ನ ಅಳತೆಯೇ ಮರೆತಿತ್ತು.
ಪಕ್ಕೆಯ ಅಕ್ಷರಗಳೆಲ್ಲ ಕಾಕಂಬಿ ಮೆತ್ತಿದಂತೆ ಕಪ್ಪು.
ನನ್ನ ಚೀಲದಲ್ಲಿ ಸೀಮೆಸುಣ್ಣ ಯಾವಾಗಲೂ ಇರುತ್ತದೆ, ವಿಷಲ್ ಜೊತೆ.
ಅಡ್ಡ ಹಿಡಿದು ತಿಕ್ಕಿದೆ.
ಒಂದು ಐದು ಬಂತು,
ಅದರ ಬೆನ್ನಿಗೆ ಮತ್ತೊಂದು ಐದು,
ತುಸು ತಡೆದು ಒಂಬತ್ತು.
"ಐನೂರ ಐವತ್ತೊಂಬತ್ತು! ಅದೇ ಅದೇ," ಅಂದ ಇನಾಯತ್.
"ಆ ನಂಬರ್ ಸುಳ್ಳಾಡಲ್ಲ ಮೇಡಂ,
ಇಪ್ಪತ್ತಾರು ಅನ್ನೋದು ಬರೀ ಕರೆಯೋ ಹೆಸ್ರು."

ಸರಿಯಾದ ಅಳತೆಯಲ್ಲೂ ಮೂರು ಬಗೆ.
ಹಾಲು ಹೆಚ್ಚಾದ ಕಾಫಿ ಬಣ್ಣದ ಪಕ್ಕೆಯದು ಒಂದು.
"ಹಳೇ ಗಾಡೀಗೆ ಇದೇ ಲಕ್ಷಣ" ಎಂದು ಗಾಳಿ ಹೊಡೆಯುವ ಚೆಲುವ
ಅದರ ಮೇಲೆ ಕೈಯಾಡಿಸಿದ.
ಲಕ್ಷಣವೇನೋ ಹೌದು.
ಶಾಲೆಯ ಬಯಲಿನಲ್ಲಿ ಬಿಸಿಲಿಗೆ ನಿಂತೂ ನಿಂತೂ
ಎರಡೇ ವರ್ಷಕ್ಕೆ ಹಿಮ್ಮಡಿಯಂತೆ ಬಿರಿಯುತ್ತದೆ.
ಇನ್ನೊಂದರದು ಹಲಸಿನ ಮೈ.
ಮಣ್ಣಿಗೆ ಹೇಳಿ ಮಾಡಿಸಿದ್ದು, ಟಾರಿನ ಮೇಲೆ ಜೇನುಗೂಡು ಕೆದಕಿದ ಸದ್ದು.
ಮೂರನೆಯದು ನುಣುಪು, ಪಿಸುಮಾತಿನಲ್ಲಿ ಓಡುವಂಥದ್ದು.

ಬೆಟ್ಟದ ಸೈಕಲ್ಲು, ಸರಿ.
ಮಂಡ್ಯದಲ್ಲಿ ಬೆಟ್ಟ ಎಲ್ಲಿಂದ ತರಲಿ?
ಇದು ದಿನವೂ ಏರುವ ಎತ್ತರವೆಂದರೆ ನಾಲೆಯ ಏರಿ.
ಆರು ಕಿಲೋಮೀಟರು ಟಾರು,
ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರಿಂದ ಬಿದ್ದ ಜಲ್ಲೆ
ಚಪ್ಪಟೆಯಾಗಿ ಸೋಪಿನಂತೆ ಜಾರುವ ಟಾರು.
ಆಮೇಲೆ ಒಂದೂವರೆ ಕಿಲೋಮೀಟರು ಏರಿ ಮೇಲೆ,
ನೀರು ಬಿಟ್ಟ ವಾರ ಜೌಗು, ಉಳಿದಂತೆ ಜಾಲಿಮುಳ್ಳು.
ಕಾಲು ತುಳಿದ ದಾರಿ ಇಷ್ಟೇ.
ಮನಸ್ಸು ತುಳಿದದ್ದನ್ನು ಟೈರಿನ ಅಂಗಡಿಯಲ್ಲಿ ಹೇಳಬಾರದು.

"ಮುಂದಕ್ಕೆ ಹಲಸು, ಹಿಂದಕ್ಕೆ ನುಣುಪು" ಅಂದೆ.
ಇನಾಯತ್ ತಲೆ ಕೆರೆದುಕೊಂಡ.
"ಜೋಡಿ ಒಡೆದ್ರೆ ಉಳಿದ ಒಂದೊಂದ್ನ ಯಾರಿಗ್ ಮಾರ್ಲಿ?"
"ಎತ್ತಿಡಿ. ಇವು ಸವೆದಾಗ ನಾನೇ ಬರ್ತೀನಿ."
"ಬೇಗ ಸವೆಯಲ್ಲ ಇವು, ನಾಲ್ಕೈದು ವರ್ಷ..."
ಅಷ್ಟಕ್ಕೇ ನಿಲ್ಲಿಸಿ ಟ್ಯೂಬಿಗೆ ಪೌಡರು ಹಾಕತೊಡಗಿದ.
ನನ್ನ ರಿಟೈರ್‌ಮೆಂಟು ಯಾವಾಗ ಎಂದು ಅವನಿಗೆ ಗೊತ್ತು.

ಹೊಸ ರಬ್ಬರಿನ ಮೈತುಂಬ ಎಳೆಗೂದಲು,
ಹತ್ತನೇ ಕ್ಲಾಸಿನ ಹುಡುಗರ ಮೀಸೆಯಂತೆ.
ಸೋಮವಾರ ಗುತ್ತಲು ದಾಟುವಷ್ಟರಲ್ಲಿ ನಡುವಿನವು ಉದುರಿದವು.
ಏರಿ ಹತ್ತುವಾಗ ಮುಂದಿನದು ಮಣ್ಣು ಕಚ್ಚಿತು,
ಹಿಂದಿನದು ಒಂದು ಗೇಣು ಜಾರಿ
ಬೇಕೋ ಬೇಡವೋ ಎಂಬಂತೆ ಬಂತು.
ಅತ್ತ ಪ್ರಾರ್ಥನೆಯ ಗಂಟೆ.
ಗೇರು ಬದಲಿಸಿದೆ.
ಅದೂ ಕೇಳಿತು, ಅಪರೂಪಕ್ಕೆ, ನಾಲ್ಕನೆಯದು.