ಮೂಗಿಲ್ಲದ ಸೈನಿಕರು

ಹಳೆಯ ಆಟದಲ್ಲಿ ನನ್ನ ಸೈನಿಕರಿಗೆ ಮೂಗಿರಲಿಲ್ಲ.
ಹೆಬ್ಬೆರಳಿನಷ್ಟು ಮೈ, ಕುಂಬಳಕಾಯಿಯಂಥ ತಲೆ.
ಕೆಂಪು ಪೇಟ ಅಂದರೆ ಕುದುರೆ ದಂಡು,
ಹಳದಿ ಅಂದರೆ ಬಿಲ್ಲು,
ನೀಲಿ ಕಂಡರೆ ವೈರಿ, ಮತ್ತೇನೂ ಕೇಳಬೇಕಿರಲಿಲ್ಲ.
ಕೊಪ್ಪಳದಲ್ಲಿ ಶಾಷಾವಲಿಯ ಸೈಬರ್ ಅಂಗಡಿಯ
ಮೂಲೆಯ ಮಸುಕು ಪರದೆಯ ಮೇಲೂ
ಇಡೀ ಯುದ್ಧ ಉಂಬೋ ತಾಟಿನ ಹಾಗೆ ಮುಂದಿರುತ್ತಿತ್ತು:
ಇಲ್ಲಿ ರೊಟ್ಟಿ, ಇಲ್ಲಿ ಪುಂಡಿಪಲ್ಯ,
ಅಂಚಿಗೆ ಶೇಂಗಾ ಹಿಂಡಿ.

ಈ ಸಲ ಬಂದದ್ದು ಹೊಸ ಆವೃತ್ತಿ.
ಶಾಷಾವಲಿ ಸಾಲ ಮಾಡಿ ಹೊಸ ಕಾರ್ಡು ಹಾಕಿಸಿ,
ಕೀಲಿಮಣೆಯ ಧೂಳು ಊದಿ,
'ಮಾರಿ ತೊಳಕೊಂಡು ಕೂಡಪಾ ಕಿಷ್ಟ,
ಇದು ಆಟ ಅಲ್ಲ, ಖರೇ' ಅಂದ.

ಖರೇನೇ.
ಕೋಟೆಗಲ್ಲಿನ ಸಂದಿಯಲ್ಲಿ ಒಣಗಿದ ಪಾಚಿ,
ಕುದುರೆಯ ಕುತ್ತಿಗೆಯಲ್ಲಿ ಬೆವರು,
ಬಹದ್ದೂರಬಂಡಿ ಗುಡ್ಡದ ಮೇಲೆ ಬೀಳುವ ಹಾಗೇ ಸಂಜೆ ಬಿಸಿಲು,
ಮೊದಲು ಕೆಂಪಾಗಿ, ಆಮೇಲೆ ಸುಟ್ಟ ಇಟ್ಟಿಗೆಯಾಗಿ.
ಬಾಯಿ ಬಿಟ್ಟು ನೋಡುತ್ತ ಕೂತೆ.
ಅಷ್ಟರಲ್ಲಿ ಸೋತಿದ್ದೆ.
ಎಲ್ಲರೂ ಒಂದೇ ಧೂಳಿನ ಬಣ್ಣ,
ನಮ್ಮವರು ಯಾರು, ಅವರವರು ಯಾರು?
ನನ್ನದೇ ಭರ್ಚಿಯವರನ್ನು ಒಂದು ತಾಸು
ಬಂಡೆಯ ನೆರಳು ಅಂದುಕೊಂಡಿದ್ದೆ.

ಭಾನುವಾರ ಕಿನ್ನಾಳಕ್ಕೆ ಹೋದೆ.
ಸೋದರತ್ತೆ ಗಂಗವ್ವ ಹುಣಸೆಬೀಜದ ಅಂಟು ಕಲಸುತ್ತಿದ್ದಳು.
ನನ್ನ ಸೋಲು ಕೇಳಿ ನಗಲಿಲ್ಲ.
ಪೊಳಕಿ ಮರದ ಆನೆಯೊಂದನ್ನು ಹೊಸ್ತಿಲ ಮೇಲಿಟ್ಟು
ನನ್ನನ್ನು ಓಣಿಯ ಆ ತುದಿಗೆ ಕಳಿಸಿದಳು, ಬೋರಿನ ಕಟ್ಟೆ ತನಕ.
'ಏನು ಕಾಣತೈತಿ?' ಕೂಗಿದಳು.
'ಆನಿ!'
'ಮ್ಯಾಲೆ?'
'ಅಂಬಾರಿ! ಹಳದಿ!'
'ಮತ್ತ ತೊಗಲಿನ ಸುಕ್ಕು?'
ಕಾಣಲಿಲ್ಲ. ಆಕೆ ಬರೆದೇ ಇರಲಿಲ್ಲ.
'ಸುಕ್ಕು ಬರದ್ರ ಆನಿ ಹೋಗಿಬಿಡತೈತೋ,
ಸುಕ್ಕಷ್ಟ ಉಳಿತೈತಿ.'

ಇಲ್ಲಿಗೆ ನಿಲ್ಲಿಸಿದರೆ ಅತ್ತೆ ಗೆದ್ದಂತೆ.
ಆದರೆ ಒಂದನ್ನು ನಾನು ಆಕೆಗೆ ಹೇಳಿರಲಿಲ್ಲ.
ಹೊಸ ಆಟದ ಎರಡನೆಯ ರಾತ್ರಿ
ಹಳ್ಳ ದಾಟುತ್ತಿದ್ದ ಒಬ್ಬ, ಯಾವ ಕಡೆಯವನೋ,
ಕಾಲು ಜಾರಿ ಕೂತ,
ಒದ್ದೆ ಪೇಟ ಬಿಚ್ಚಿ ಹಿಂಡಿದ,
ಹಮಾಲ ದುರುಗಪ್ಪ ಚೀಲ ಇಳಿಸಿ ಬಂದು
ಗಂಜಿನ ಕಟ್ಟೆಯ ಮೇಲೆ ಟವೆಲು ಹಿಂಡುವ ಹಾಗೆ.
ಬಾಣದ ಗುಂಡಿಯ ಮೇಲಿದ್ದ ನನ್ನ ಬೆರಳು ಅಲ್ಲೇ ನಿಂತಿತು.
ಮೂಗಿಲ್ಲದವರನ್ನಾದರೆ
ಹತ್ತು ವರ್ಷ, ಸಾವಿರಗಟ್ಟಲೆ ಕೊಂದಿದ್ದೇನೆ,
ಊಟಕ್ಕೆ ತಡವಾಗದ ಹಾಗೆ.

ಮಧ್ಯಾಹ್ನ ಅತ್ತೆಯ ಮೊಮ್ಮಗಳು ರೇಣಿ ಆಟಕ್ಕೆ ಕರೆದಳು.
ಪಡಸಾಲೆಯ ಚಪ್ಪಡಿಯಲ್ಲಿ ಯಾರೋ ಎಂದೋ ಕೊರೆದ ಹುಲಿಮನೆ.
ಬರೀ ಗೆರೆ.
ಮರವಿಲ್ಲ, ಹುಲ್ಲಿಲ್ಲ, ಹೊತ್ತು ಮುಳುಗುವುದಿಲ್ಲ.
ಹುಲಿಗೆ ಪಟ್ಟೆಯೂ ಇಲ್ಲ, ಹುಣಸೆಬೀಜ ಮೂರು.
ಹದಿನೈದು ಕುರಿ ಅಂದರೆ ಹಿರೇಹಳ್ಳದ ಹರಳು.

ಹುಲಿ ನನ್ನವು. ನಾಲ್ಕು ಕುರಿ ತಿಂದೆ.
ಐದನೆಯದಕ್ಕೆ ಕೈ ಹಾಕಿದಾಗ
ರೇಣಿ ಅಂಗೈ ಮುಚ್ಚಿದಳು.
'ಇದು ಬ್ಯಾಡ. ಇದು ಕುಂಟಿ.'
ಅಂಚು ಚೂರು ಒಡೆದ ಬಿಳಿ ಹರಳು, ಅಷ್ಟೇ.
ಕಾಲಿಲ್ಲ, ಕಣ್ಣಿಲ್ಲ, ಬಾಲವೂ ಇಲ್ಲ.
'ಆಟ ಅಂದ್ರ ಆಟ' ಅಂದೆ.
ಕೈ ತೆಗೆಯಲಿಲ್ಲ.

ಅತ್ತೆ ಆನೆಗೆ ಕಣ್ಣು ಬರೆಯುತ್ತಿದ್ದಳು.
ಕುಂಚ ಎತ್ತದೆ ಅಂದಳು,
'ನಿನ್ನ ಹುಲಿ ಬ್ಯಾರೆ ದಾರಿ ನೋಡಲಿ.'

ನೋಡಿದೆ.
ಮೂರೂ ಹುಲಿಯ ಸುತ್ತ ಹರಳು ಕೂತಿದ್ದವು.
ಮತ್ತೆ ಸೋತೆ,
ಈ ಸಲ ಎಲ್ಲ ನಿಚ್ಚಳ ಕಾಣುತ್ತಿದ್ದರೂ.